ಜನಜಂಗುಳಿ ಇಲ್ಲದ ಬೀಚ್ ಬೇಕು, ಗೋಕರ್ಣ ಮುರುಡೇಶ್ವರ ಮಲ್ಪೆ ಬಿಟ್ಟು ಹೇಳಿ

ಬೆಣ್ಣೆದೋಸೆ ಊರಿನವ:

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ಮುಗಿದ ಮೇಲೆ ಮೂರ್ನಾಲ್ಕು ದಿನ ಕರಾವಳಿ ಕಡೆ ಹೋಗೋಣ ಅಂತಿದ್ದೇವೆ. ನಾನು, ಹೆಂಡತಿ, ಇಬ್ಬರು ಮಕ್ಕಳು (ದೊಡ್ಡವಳಿಗೆ ಹತ್ತು, ಚಿಕ್ಕವನಿಗೆ ಏಳು), ಜೊತೆಗೆ ಅಮ್ಮ. ದಾವಣಗೆರೆಯಿಂದ ನಮ್ಮದೇ ಕಾರಿನಲ್ಲಿ ಬರುತ್ತೇವೆ.

ಗೋಕರ್ಣ, ಮುರುಡೇಶ್ವರ, ಮಲ್ಪೆ ಎಲ್ಲ ನೋಡಿ ಆಗಿದೆ. ಚೆನ್ನಾಗಿಲ್ಲ ಅಂತಲ್ಲ. ಆದರೆ ರಜೆಯಲ್ಲಿ ಹೋದರೆ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ, ನೀರಿನ ಹತ್ತಿರ ಹೋದರೆ ಜೆಟ್ ಸ್ಕೀ ಸದ್ದು, ಮರಳಲ್ಲಿ ಕೂತರೆ ಒಂಟೆಯವನು ಬಂದು 'ಸಾರ್ ಒಂದು ರೌಂಡ್' ಅಂತಾನೆ. ನಮಗೆ ಸುಮ್ನೆ ಕೂತು ಅಲೆ ನೋಡುವಂಥ ಜಾಗ ಬೇಕು. ಅಮ್ಮನಿಗೆ ಹತ್ತಿರದಲ್ಲಿ ಒಂದು ದೇವಸ್ಥಾನ, ಸಸ್ಯಾಹಾರಿ ಊಟ. ನನಗೂ ಹೆಂಡತಿಗೂ ಮೀನು (ಅಮ್ಮನ ಎದುರು ಈ ವಿಷಯ ಎತ್ತುವುದಿಲ್ಲ).

ಯೂಟ್ಯೂಬಿನಲ್ಲಿ 'ಯಾರಿಗೂ ಗೊತ್ತಿಲ್ಲದ ಬೀಚ್' ಅಂತ ತೋರಿಸುವುದನ್ನು ಆಗಲೇ ಲಕ್ಷಾಂತರ ಜನ ನೋಡಿರುತ್ತಾರೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೊಳೆಬದಿ:

ನಾನು ಕುಮಟಾ ಕಡೆಯವ, ಹಾಗಾಗಿ ನಮ್ಮ ಊರಿನ ಪರ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಬೀಚ್ ಹುಡುಕಬೇಡಿ ಸಾರ್, ಊರು ಹಿಡಿಯಿರಿ. ಕಾರವಾರದಿಂದ ಉಳ್ಳಾಲದವರೆಗೆ ಹೆದ್ದಾರಿಯಿಂದ ಪಶ್ಚಿಮಕ್ಕೆ ಯಾವ ಅಡ್ಡರಸ್ತೆ ಇಳಿದರೂ ಕೊನೆಗೆ ಸಿಗುವುದು ಸಮುದ್ರವೇ. ಹೆಸರು ಬಂದ ನಾಲ್ಕು ಜಾಗಕ್ಕೆ ಎಲ್ಲರೂ ಹೋಗುತ್ತಾರೆ, ನಡುವಿನ ಕಿಲೋಮೀಟರ್‌ಗಟ್ಟಲೆ ದಂಡೆ ಖಾಲಿ ಇರುತ್ತದೆ. ದಿನಕ್ಕೊಂದು ಬೀಚ್ ಅಂತ ಓಡಾಡಿದರೆ ನಿಮಗೆ ಸಿಗುವುದು ಹೆದ್ದಾರಿ ಮಾತ್ರ. ಒಂದು ಅಳಿವೆಯ ಹತ್ತಿರ, ಅಂದರೆ ಹೊಳೆ ಸಮುದ್ರ ಸೇರುವ ಕಡೆ, ರೂಮು ಮಾಡಿ ಅಲ್ಲೇ ಇದ್ದುಬಿಡಿ.

ನಿಮಗೆ ನಾನು ಹೇಳುವುದು ಕುಮಟಾದಿಂದ ಅಘನಾಶಿನಿವರೆಗಿನ ದಂಡೆ. ವನ್ನಳ್ಳಿ ಪೇಟೆಗೆ ತೀರಾ ಹತ್ತಿರ, ಸಂಜೆ ಊರವರು ವಾಕಿಂಗ್ ಬರುತ್ತಾರೆ ಅಷ್ಟೆ. ಅಲ್ಲಿಂದ ಉತ್ತರಕ್ಕೆ ಬಾಡ, ಕಾಗಾಲ. ಅಲ್ಲೊಂದು ಕಡೆಗೆ ಈಗ 'ನಿರ್ವಾಣ ಬೀಚ್' ಅಂತ ಹೆಸರಿಟ್ಟಿದ್ದಾರೆ, ಯಾರು ಇಟ್ಟರೋ ದೇವರೇ ಬಲ್ಲ. ಉದ್ದಕ್ಕೂ ಗಾಳಿಮರದ ನೆರಳು, ಮಧ್ಯಾಹ್ನ ಚಾಪೆ ಹಾಸಿ ಮಲಗಬಹುದು. ಕೊನೆಗೆ ಅಘನಾಶಿನಿ ಅನ್ನುವ ಊರೇ ಇದೆ, ಹೊಳೆಯ ಹೆಸರೇ ಊರಿಗೂ. ಶಿರಸಿ ಕಡೆ ಹುಟ್ಟಿ ಒಂದೂ ಅಣೆಕಟ್ಟು ಇಲ್ಲದೆ ಇಲ್ಲಿವರೆಗೆ ಬರುವ ಹೊಳೆ ಇದು.

ಮಕ್ಕಳಿಗೆ ಅಲ್ಲಿ ನೋಡಲು ಒಂದು ವಿಷಯ ಉಂಟು. ಇಳಿತದ ಹೊತ್ತಿಗೆ ಹೊಳೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಹೆಂಗಸರು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಾರೆ. ಕಣ್ಣಲ್ಲಿ ಹುಡುಕುವುದಿಲ್ಲ, ಕಾಲಲ್ಲಿ ಕೆಸರು ತಡವಿ ಚಿಪ್ಪು ತಾಗಿದ ಕಡೆ ಬಗ್ಗುತ್ತಾರೆ. ಅದರ ಸುಕ್ಕ ತಿಂದರೆ ನೀವು ಬಾಂಗ್ಡೆ ಮರೆಯುತ್ತೀರಿ.

ಅಮ್ಮನಿಗೆ ಧಾರೇಶ್ವರ. ಕುಮಟಾದಿಂದ ಹೊನ್ನಾವರಕ್ಕೆ ಹೋಗುವ ದಾರಿಯಲ್ಲೇ ಬರುತ್ತದೆ. ಆತ್ಮಲಿಂಗದ ಕತೆಯ ಪಂಚಕ್ಷೇತ್ರಗಳಲ್ಲಿ ಅದೂ ಒಂದು. ಗೋಕರ್ಣ, ಮುರುಡೇಶ್ವರ ಹೇಗೂ ನೋಡಿದ್ದಾರೆ ಅಂದಿರಿ, ಧಾರೇಶ್ವರದ ಜೊತೆ ಹೊನ್ನಾವರ ದಾಟಿ ಗುಣವಂತೆಯನ್ನೂ ಮುಗಿಸಿದರೆ ಐದರಲ್ಲಿ ನಾಲ್ಕಾಯಿತು, ಖುಷಿಪಡುತ್ತಾರೆ. ಧಾರೇಶ್ವರದಲ್ಲಿ ದೇವಸ್ಥಾನದ ಆಚೆ ಸಮುದ್ರವೂ ಇದೆ, ಜನ ಇರುವುದಿಲ್ಲ. ಊಟಕ್ಕೆ ಹವ್ಯಕರ ಹೋಂಸ್ಟೇ ಹಿಡಿಯಿರಿ, ಅಪ್ಪೆಹುಳಿ ಹಾಕುತ್ತಾರೆ. ಮೀನಿಗೆ ಮಾತ್ರ ನೀವಿಬ್ಬರು ಪೇಟೆಗೆ ಬರಬೇಕು.

ಮಲೆನಾಡ ಮಗಳು:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ಆದರೆ ಗಂಡಸರು ಬರೆದರೆ ಇದೊಂದು ವಿಷಯ ಯಾವಾಗಲೂ ಬಿಟ್ಟುಹೋಗುತ್ತದೆ. ಇಂಥ ಬೀಚ್‌ಗಳಲ್ಲಿ ಟಾಯ್ಲೆಟ್ ಇರುವುದಿಲ್ಲ, ಒದ್ದೆ ಬಟ್ಟೆ ಬದಲಿಸಲು ಒಂದು ಗೋಡೆಯ ಮರೆಯೂ ಇರುವುದಿಲ್ಲ! ಅತ್ತೆಯನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲು ಯೋಚಿಸಬೇಕು. ರೂಮಿನಿಂದ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಮಾತ್ರ ಸರಿ.

ನನ್ನ ಲೆಕ್ಕದಲ್ಲಿ ಮಕ್ಕಳು ನೀರಲ್ಲಿ ಆಡುವ ದಿನಕ್ಕೆ ಹೊನ್ನಾವರದ ಕಾಸರಕೋಡು ಇಕೋ ಬೀಚ್ ಇಟ್ಟುಕೊಳ್ಳಿ. 2020ರಲ್ಲಿ ಪಡುಬಿದ್ರಿಯ ಜೊತೆ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ್ದು ಇದಕ್ಕೇ. ಟಿಕೆಟ್ ಇದೆ, ಪೂರ್ತಿ ಖಾಲಿ ಅನ್ನಲಾಗದು. ಆದರೆ ಸ್ನಾನಕ್ಕೆ, ಬಟ್ಟೆ ಬದಲಿಸಲು ಜಾಗ ಇದೆ, ಲೈಫ್‌ಗಾರ್ಡ್ ಇದ್ದಾರೆ. ಪಕ್ಕದಲ್ಲೇ ಅಪ್ಸರಕೊಂಡ, ಸಣ್ಣ ಜಲಪಾತ. ಮೇಲೆ ಹತ್ತಿದರೆ ಕೆಳಗೆ ಸಮುದ್ರ ಕಾಣುತ್ತದೆ.

ಗಂಗೊಳ್ಳಿ ಬೂತಾಯಿ:

ಎಲ್ಲರೂ ಉತ್ತರ ಕನ್ನಡವೇ ಹೇಳಿದರೆ ಹೇಗೆ ಮಾರಾಯ್ರೆ, ಕುಂದಾಪ್ರ ಅಂತ ಒಂದು ಊರು ಉಂಟಲ್ಲ.

ಬೈಂದೂರಿನ ಸೋಮೇಶ್ವರಕ್ಕೆ ಹೋಗಿ. ದಡದಲ್ಲೇ ದೇವಸ್ಥಾನ, ಪಕ್ಕದಲ್ಲಿ ಸುಮನಾ ಹೊಳೆ ಸಮುದ್ರ ಸೇರುತ್ತದೆ, ಹತ್ತಿರದಲ್ಲೇ ಒತ್ತಿನೆಣೆ ಗುಡ್ಡ. ಸಂಜೆ ಗುಡ್ಡದ ಮೇಲೆ ಜನ ಇರುತ್ತಾರೆ, ಕೆಳಗೆ ದಡದಲ್ಲಿ ಅಷ್ಟಿರುವುದಿಲ್ಲ. ಅಮ್ಮನಿಗೆ ಕೊಲ್ಲೂರೂ ಆಗುತ್ತದೆ.

ಮರವಂತೆಯಲ್ಲಿ ಎಲ್ಲರೂ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ, ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೈವೇ. ಫೋಟೋಗೆ ಸರಿ, ಲಾರಿ ಸದ್ದಿನಲ್ಲಿ ಕೂರಲು ಆಗುವುದಿಲ್ಲ.

ಕುಂದಾಪುರದ ಕೋಡಿಗೆ ಬರುವುದಾದರೆ ಮ್ಯಾಪ್ ನೋಡಿ ಹಾಕಿ. ಕೋಡಿ ಬೇರೆ, ಕೋಡಿಬೆಂಗ್ರೆ ಬೇರೆ. ಎರಡನೆಯದು ಮಲ್ಪೆ ದಾಟಿ ಹೂಡೆ ಮೇಲೆ ಹೋಗಬೇಕು, ಸುವರ್ಣಾ ಹೊಳೆಗೂ ಸಮುದ್ರಕ್ಕೂ ನಡುವಿನ ಕಿರಿದಾದ ಪಟ್ಟಿ, ಅದೂ ಚೆಂದ.

ಒಂದು ವಿನಂತಿ. ನಮ್ಮ ಕೋಡಿಯಲ್ಲಿ ಈ ಕಾಲಕ್ಕೇ ಕಡಲಾಮೆಗಳು ಬಂದು ಮೊಟ್ಟೆ ಇಡುವುದು. ಊರ ಹುಡುಗರು, ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಮರಿ ಹೊರಬಂದ ಮೇಲೆ ಬೆಳಕು ಕಂಡ ಕಡೆ ಹೋಗುತ್ತದೆ, ದಡದಲ್ಲಿ ಕಾರಿನ ಹೆಡ್‌ಲೈಟ್ ಇದ್ದರೆ ಸಮುದ್ರ ಬಿಟ್ಟು ಅತ್ತ ತಿರುಗುತ್ತದೆ. ಥಾರ್ ತಂದು ಮರಳ ಮೇಲೆ ಓಡಿಸಿ ರೀಲ್ಸ್ ಮಾಡುವವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಜನ ಬಂದರೆ ನಮಗೇನೂ ಬೇಜಾರಿಲ್ಲ, ಗಾಡಿ ಮತ್ತು ಬಾಟ್ಲಿ ಮೇಲೆ ಬಿಟ್ಟು ಬನ್ನಿ.

ಟೆಕ್ಕಿ ಪರದೇಶಿ:

ಇಷ್ಟೆಲ್ಲ ಯಾಕೆ? ಮಂಗಳವಾರ ಗೋಕರ್ಣದ ಕುಡ್ಲೆಗೆ ಹೋಗಿ, ಬೆಳಿಗ್ಗೆ ಏಳಕ್ಕೆ. ನಾಯಿ ಬಿಟ್ಟರೆ ಯಾರೂ ಇರುವುದಿಲ್ಲ.

ಹೊಳೆಬದಿ:

ಟೆಕ್ಕಿಯವರು ಹೇಳಿದ್ದೂ ಸುಳ್ಳಲ್ಲ, ಆದರೆ ಕುಡ್ಲೆಗೆ ಮೆಟ್ಟಿಲಿಳಿದು ಹೋಗಬೇಕು, ಅಮ್ಮನ ಮಂಡಿ ಕೇಳಿ ನೋಡಿ.

ನೀರಿನ ವಿಷಯ ಬರೆಯಲು ಬಿಟ್ಟುಹೋಯಿತು, ಇದು ಮುಖ್ಯ. ಅಳಿವೆಯ ಬಾಯಲ್ಲಿ ಯಾರೂ ಈಜಬಾರದು. ಇಳಿತ ಶುರುವಾದರೆ ಹೊಳೆಯ ನೀರೆಲ್ಲ ಹೊರಗೆ ಎಳೆಯುತ್ತದೆ, ಮೇಲಿಂದ ನೋಡಿದರೆ ಕೆರೆಯ ಹಾಗೆ ತಣ್ಣಗಿರುತ್ತದೆ. ಬೇರೆ ಕಡೆಯೂ ಅಷ್ಟೆ, ಎರಡು ಕಡೆ ಬಿಳಿ ನೊರೆ ಒಡೆಯುತ್ತಾ ನಡುವೆ ಒಂದು ಪಟ್ಟಿ ಮಾತ್ರ ಅಲೆ ಇಲ್ಲದೆ ಕಪ್ಪಗೆ ಕಂಡರೆ ಅಲ್ಲೇ ಸೆಳೆತ ಇರುವುದು. ಘಟ್ಟದ ಮೇಲಿನವರು 'ಇಲ್ಲಿ ಅಲೆ ಕಡಿಮೆ' ಅಂತ ಸರಿಯಾಗಿ ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆ ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಂಥ ಜನ ತುಂಬಿದ ಕಡೆಯೇ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಹೋದರು. ಖಾಲಿ ದಂಡೆಯಲ್ಲಿ ಕೂಗಿದರೂ ಕೇಳುವವರು ಇರುವುದಿಲ್ಲ. ಮಕ್ಕಳಿಗೆ ಪಾದ ನೆನೆಯುವಷ್ಟು ಸಾಕು, ಉಳಿದದ್ದು ಕಾಸರಕೋಡಿನಲ್ಲಿ.

ಬೆಣ್ಣೆದೋಸೆ ಊರಿನವ:

ಎಲ್ಲರಿಗೂ ಧನ್ಯವಾದ. ಹೆಂಡತಿಗೆ ಓದಿ ಹೇಳಿದೆ, ಟಾಯ್ಲೆಟ್ ವಿಷಯ ಬರೆದವರಿಗೆ ಅವಳ ಕಡೆಯಿಂದ ವಿಶೇಷ ಥ್ಯಾಂಕ್ಸ್. ಕುಮಟಾದಲ್ಲೇ ಉಳಿಯುವುದು ಅಂತ ಆಯಿತು, ಒಂದು ದಿನ ಕಾಸರಕೋಡು, ಗುಣವಂತೆ. ಬೈಂದೂರು ಮುಂದಿನ ಸಲಕ್ಕೆ, ಗಂಗೊಳ್ಳಿಯವರು ಬೈಯಬಾರದು.

ಎರಡು ಪ್ರಶ್ನೆ. ಅಮ್ಮ ಈಗ ಗೋಕರ್ಣಕ್ಕೂ ಇನ್ನೊಮ್ಮೆ ಹೋಗಬೇಕು ಅನ್ನುತ್ತಿದ್ದಾರೆ, ಅಘನಾಶಿನಿಯಿಂದ ಕಾರು ದಾಟಿಸಬಹುದಾ? ಮತ್ತೆ ಶಿರಸಿ ಮೇಲೆ ಬರುವ ರಸ್ತೆ ಹೇಗಿದೆ?

ಹೊಳೆಬದಿ:

ದಾಟಿಸಬಹುದು. ಅಘನಾಶಿನಿಗೂ ಆಚೆ ದಡದ ತದಡಿಗೂ ಬಾರ್ಜ್ ಇದೆ, ಕಾರು ಹಿಡಿಯುತ್ತದೆ. ತದಡಿಯಿಂದ ಗೋಕರ್ಣ ಹತ್ತಿರ. ಬಾರ್ಜ್ ಬಿಡುವ ಹೊತ್ತು ನೀರಿನ ಏರಿಳಿತದ ಮೇಲೂ ಹೋಗುತ್ತದೆ, ಹಿಂದಿನ ದಿನ ಜಟ್ಟಿಯಲ್ಲಿ ಕೇಳಿಕೊಳ್ಳಿ, ಸಂಜೆಯ ಕೊನೆಯ ಟ್ರಿಪ್ ನಂಬಿ ಕೂರಬೇಡಿ. ತಪ್ಪಿದರೆ ಹೆದ್ದಾರಿ ಮೇಲೆ ಮಿರ್ಜಾನ್ ಸುತ್ತಿ ಬರಬೇಕು. ಸುತ್ತಿದರೂ ನಷ್ಟ ಇಲ್ಲ, ಮಿರ್ಜಾನ್ ಕೋಟೆ ಸಿಗುತ್ತದೆ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯದು. ಮಕ್ಕಳಿಗೆ ಓಡಾಡಲು ಜಾಗ ಬೇಕಾದಷ್ಟು.

ಶಿರಸಿ ಕುಮಟಾ ನಡುವೆ ದೇವಿಮನೆ ಘಾಟಿಯಲ್ಲಿ ರಸ್ತೆ ಕೆಲಸ ವರ್ಷಗಳಿಂದ ನಡೆದಿದೆ, ಬಂದ್ ಆಗಿದ್ದೂ ಉಂಟು. ಹೊರಡುವ ಹಿಂದಿನ ದಿನ ಹೋಂಸ್ಟೇಯವರಿಗೆ ಫೋನ್ ಮಾಡಿ ಕೇಳಿಯೇ ಹೊರಡಿ.

ಗಂಗೊಳ್ಳಿ ಬೂತಾಯಿ:

ಬೈಯುವುದಿಲ್ಲ, ಆದರೆ ಮುಂದಿನ ಸಲ ಅಂತ ಜೂನ್‌ನಲ್ಲಿ ಬರಬೇಡಿ. ಜೂನ್ ಒಂದರಿಂದ ಜುಲೈ ಕೊನೆವರೆಗೆ ಯಾಂತ್ರಿಕ ಬೋಟು ಇಳಿಯುವುದಿಲ್ಲ, ನಿಮಗೆ ಸಿಗುವುದು ಐಸ್ ಮೀನು.