ಬ್ಯಾಸಗ್ಯಾಗ ರೇಷ್ಮೆ ಹಾಸು ಹರಿತದ, ಯಾಕ್ರಿ?

ಪ್ರಶ್ನೆ (ಕಲಬುರಗಿ): ಕುಣಿಮಗ್ಗದಾಗ (ಕುಣ್ಯಾಗ ಕಾಲಿಟ್ಟು ನೇಯೋ ಕೈಮಗ್ಗ) ರೇಷ್ಮೆ ಸೀರಿ ಹಚ್ಚೀವಿ. ಮುಂಜಾನಿ ಚಲೋ ನಡಿತದ. ಮಧ್ಯಾಹ್ನಕ್ಕ ಹಾಸಿನ ಎಳಿ (ಮಗ್ಗಕ್ಕ ಉದ್ದಕ್ಕ ಕಟ್ಟಿದ ನೂಲು) ಹಣಿಗಿ (ನೇಯ್ದ ನೂಲು ಹೊಡದು ಕೂಡಿಸೋ ಬಾಚಣಿಕಿಯಂಥಾದ್ದು) ಹತ್ರ ಪಟಪಟ ಹರಿತಾವ. ನೂಲು ಖೊಟ್ಟಿ ಏನ್ರಿ?

ಯಾದಗಿರಿಯಿಂದ: ನೂಲಿಗಿ ಬೈಬ್ಯಾಡ್ರಿ, ಹವಾ ಒಣಗ್ಯಾದ. ರೇಷ್ಮೆ ನೇಯಾಕ ಹವಾದಾಗ 65%ರ ಆಸುಪಾಸು ತೇವ ಬೇಕು. ನಮ್ಮ ಏಪ್ರಿಲ್ ಮಧ್ಯಾಹ್ನದಾಗ ಅದರ ಅರ್ಧನೂ ಇರಂಗಿಲ್ಲ. ಒಣಗಿದ ಎಳಿ ಹಿಗ್ಗಂಗಿಲ್ಲ, ಹಣಿಗಿ ಹೊಡತಕ್ಕ ತುಂಡಾಗ್ತದ. ಮಗ್ಗದ ಸುತ್ತ ಹಸಿ ಗೋಣಿಚೀಲ ಕಟ್ರಿ, ನೆಲಕ್ಕ ನೀರು ಹೊಡಿರಿ. ಎಳಿಮ್ಯಾಲ ಮಾತ್ರ ಚಿಮುಕಿಸಬ್ಯಾಡ್ರಿ, ಕಲಿ ಬೀಳ್ತದ.

ಬೀದರಿಂದ: ಒಂದೇ ಜಾಗದಾಗ ಹರಿತಿದ್ರ ಹಣಿಗಿ ಹಲ್ಲು ಸವೆದಿರ್ತದ. ಒಂದು ರೇಷ್ಮೆ ಎಳಿ ಹಲ್ಲಿನ ಅಂಚಿಗಿ ಆಡಿಸ್ರಿ, ಸಿಕ್ಕೊಂಡ್ರ ಅದೇ ಕಳ್ಳ. ಗಂಟಿನ ತುದಿನೂ ಸಣ್ಣಗ ಕತ್ತರಿಸ್ರಿ.

ಕಲಬುರಗಿ: ಎಲ್ಲಾ ಕಡೆ ಹರಿತಾವ್ರಿ.

ಯಾದಗಿರಿ: ಹಂಗಾರ ಹವಾನೇ. ಹಾಸಿನ ಬಿಗಿನೂ ತುಸು ಸಡಲ ಬಿಡ್ರಿ.