ಪದಚರ್ಚೆ: ‘ವಿದೇಶಿ ಸೇನಾ ಉಪಸ್ಥಿತಿ’ – ಸರಿಯಾದ ಕನ್ನಡ ಏನು? (ಸ್ವಲ್ಪ ಅವಸರ)

ಧಾರವಾಡದಿಂದ:
ಎಲ್ಲರಿಗೂ ನಮಸ್ಕಾರ. ಕಾಲೇಜಿನ ಚರ್ಚಾಸ್ಪರ್ಧೆಯ ಬ್ಯಾನರ್ ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ವಿಷಯ ಆಫ್ರಿಕಾದ ಮಾಲಿ ದೇಶದ್ದು. ನಾನು ಬರೆದ ಸಾಲು ಇದು: ‘ವಿದೇಶಿ ಸೇನಾ ಉಪಸ್ಥಿತಿಯು ಭಯೋತ್ಪಾದನೆಯ ತಡೆಗೆ ನೆರವೇ, ತಡೆಯೇ?’ ಎರಡು ‘ತಡೆ’ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿವೆ. ‘ಉಪಸ್ಥಿತಿ’ ಓದಿದರೆ ಮದುವೆ ಕಾಗದ ನೆನಪಾಗುತ್ತದೆ. ‘ಪರದೇಶಿ ಸೇನೆ’ ಅಂದರೆ ಗತಿಗೆಟ್ಟ ಸೇನೆ ಅಂತ ಆಗುತ್ತದೆ, ಅಲ್ವಾ? ಏನು ಹಾಕಲಿ?

ಮೈಸೂರಿನಿಂದ:
‘ಇರವು’. ಅಚ್ಚಗನ್ನಡ ಪದ ಮನೆಯಲ್ಲೇ ಇರುವಾಗ ಸಂಸ್ಕೃತದ ಬಾಗಿಲಿಗೆ ಸಾಲಕ್ಕೆ ಹೋಗುವುದೇಕೆ? ‘ಭಯೋತ್ಪಾದನೆ’ಯನ್ನೂ ತೆಗೆದು ‘ದಿಗಿಲುಕೋರತನ’ ಹಾಕಿ.

ಶಿರಸಿಯಿಂದ:
‘ಇರವು’ ವೇದಾಂತಕ್ಕೆ ಇರಲಿ. ‘ದಿಗಿಲುಕೋರ’ದ ‘ಕೋರ’ ಪಾರ್ಸಿಯಿಂದ ಬಂದದ್ದು. ಲಂಚಕೋರ, ಚಾಡಿಕೋರ ಎಲ್ಲ ಅದೇ ಬಳಗ. ಸಾಲ ತಪ್ಪಲಿಲ್ಲ, ಅಂಗಡಿ ಬದಲಾಯಿತು ಅಷ್ಟೆ.

ಬೆಂಗಳೂರಿನಿಂದ:
ಇಷ್ಟೆಲ್ಲ ಯಾಕೆ? ನಮ್ಮೂರಲ್ಲಿ ಪದ ಸಿದ್ಧವಾಗಿಯೇ ಇದೆ: ದಂಡು. 1809ರಲ್ಲಿ ಬ್ರಿಟಿಷರು ಬಂದು ಊರಿಟ್ಟ ಜಾಗವನ್ನು ಜನ ದಂಡು ಅಂದರು. ರೈಲ್ವೆ ಸ್ಟೇಷನ್ನಿಗೆ ಇವತ್ತಿಗೂ ಅದೇ ಹೆಸರು. 1947ರವರೆಗೆ ಆ ಭಾಗ ಮೈಸೂರಿನ ಕೈಗೆ ವಾಪಸ್ ಬರಲಿಲ್ಲ. ವಿದೇಶಿ ಸೇನೆ ತಳ ಊರುವುದು ಅಂದರೆ ಇದೇ.

ಮೈಸೂರಿನಿಂದ:
‘ದಂಡು’ ಸಂಸ್ಕೃತದ ದಂಡದಿಂದ ಬಂದದ್ದು. ಆಗದು.

ಮಂಗಳೂರಿನಿಂದ:
ಮೇಡಂ, ನೀವು ನಾಮಪದ ಹುಡುಕುತ್ತಿದ್ದೀರಿ. ತೊಂದರೆ ಅಲ್ಲೇ ಇದೆ. ಕನ್ನಡದಲ್ಲಿ ಸೇನೆ ‘ಬೀಡುಬಿಡುತ್ತದೆ’, ‘ನೆಲೆಯೂರುತ್ತದೆ’, ‘ಠಿಕಾಣಿ ಹೂಡುತ್ತದೆ’. ಮೂರೂ ಒಂದೇ ಅಲ್ಲ. ಬೀಡು ‘ಬಿಡು’ವಿನಿಂದ ಬಂದದ್ದು. ಎತ್ತು ಬಿಚ್ಚಿ ಗಾಡಿ ಬಿಟ್ಟವನು ಬೆಳಿಗ್ಗೆ ಮತ್ತೆ ಕಟ್ಟುತ್ತಾನೆ. ನೆಲೆಯೂರಿದವನು ಹಾಗಲ್ಲ. ಠಿಕಾಣಿ ಹೂಡಿದವನು ಹೋಗಲಿ ಅಂತ ಊರಿಗೂರೇ ಕಾಯುತ್ತಿರುತ್ತದೆ!

ಮಾಲಿಯಲ್ಲಿ ನಡೆದದ್ದೂ ಇದೇ. 2013ರ ಜನವರಿಯಲ್ಲಿ ಫ್ರೆಂಚರು ಬಂದರು. ಗಾವೊ, ಟಿಂಬಕ್ಟು ಊರುಗಳನ್ನು ಕೆಲವೇ ವಾರಗಳಲ್ಲಿ ಜಿಹಾದಿಗಳಿಂದ ಬಿಡಿಸಿದರು. ಜನ ಫ್ರೆಂಚ್ ಬಾವುಟ ಹಿಡಿದು ಕುಣಿದರು. ಅಲ್ಲಿಯವರೆಗೆ ಅದು ಬೀಡು. ಮುಂದಿನ ವರ್ಷ ಕಾರ್ಯಾಚರಣೆಯ ಹೆಸರು ಬದಲಾಯಿತು, ಐದು ದೇಶಗಳಿಗೆ ಹರಡಿತು. ಅಲ್ಲಿಗೆ ಅದು ನೆಲೆಯಾಯಿತು. ಆಮೇಲಿನ ವರ್ಷಗಳಲ್ಲಿ ಹಿಂಸೆ ಬುರ್ಕಿನಾ ಫಾಸೋ, ನೈಜರ್‌ಗಳಿಗೂ ದಾಟಿತು. 2022ರ ಆಗಸ್ಟ್‌ನಲ್ಲಿ ಮಾಲಿಯಿಂದ ಹೊರಡುವ ಹೊತ್ತಿಗೆ ಬೀದಿಯಲ್ಲಿದ್ದದ್ದು ‘ಫ್ರಾನ್ಸ್ ತೊಲಗಲಿ’ ಎಂಬ ಕೂಗು. ನೆರವೋ ತೊಡಕೋ ಎಂಬುದಕ್ಕೆ ಯಾವ ವರ್ಷದ ಮಾತು ಎನ್ನದೆ ಉತ್ತರ ಇಲ್ಲ.

‘ವಿದೇಶಿ’ ಅಂದಾಗ ನಮಗೆ ಬೇರೆಯವರೇ ನೆನಪಾಗುತ್ತಾರೆ, ಅದೂ ಗಮನಿಸಿ. 1987ರಲ್ಲಿ ಶ್ರೀಲಂಕಾದ ಜಾಫ್ನಾದಲ್ಲಿ ವಿದೇಶಿ ಸೇನೆ ನಮ್ಮದೇ. ಹೋದಾಗ ಹೂವಿನ ಹಾರ. ಅಕ್ಟೋಬರ್‌ಗೆ ಅಲ್ಲಿನ ತಮಿಳು ಬಂಡುಕೋರರಾದ ಎಲ್‌ಟಿಟಿಇ ಜೊತೆ ಯುದ್ಧ. 1990ರ ಮಾರ್ಚ್‌ನಲ್ಲಿ ವಾಪಸ್ ಬರುವಷ್ಟರಲ್ಲಿ ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. 1991ರಲ್ಲಿ ಶ್ರೀಪೆರಂಬುದೂರಿನಲ್ಲಿ ಎಲ್‌ಟಿಟಿಇಯವರಿಂದ ರಾಜೀವ್ ಗಾಂಧಿ ಹತ್ಯೆ. ಆ ಹಂತಕರ ಬೆನ್ನಟ್ಟುವಿಕೆ ಮುಗಿದದ್ದು ಬೆಂಗಳೂರಿನ ಕೋಣನಕುಂಟೆಯಲ್ಲಿ. ಆ ಸೇನೆಯನ್ನು ನಾವು ಕರೆದದ್ದು ‘ಶಾಂತಿಪಾಲನಾ ಪಡೆ’ ಅಂತ. ಹೆಸರಲ್ಲೇ ತೀರ್ಪು ಬರೆದುಬಿಟ್ಟಿದ್ದೆವು.

ಅದಕ್ಕೇ ನನ್ನ ಸಲಹೆ: ‘ಹೊರಗಿನ ಸೇನೆ ಬಂದು ನಿಂತರೆ ಭಯೋತ್ಪಾದನೆ ತಗ್ಗುತ್ತದೆಯೇ, ಹೆಚ್ಚುತ್ತದೆಯೇ?’ ‘ಬಂದು ನಿಂತರೆ’ ಯಾರ ಪರವೂ ವಾದಿಸುವುದಿಲ್ಲ. ‘ತಡೆ’ಯ ಗಲಾಟೆಯೂ ಇಲ್ಲ.

ಬೆಂಗಳೂರಿನಿಂದ:
ಬ್ಯಾನರಿಗೆ ಉದ್ದವಾಯಿತು.

ಮೈಸೂರಿನಿಂದ:
‘ಸೇನೆ’ ಸಂಸ್ಕೃತ. ‘ಪಡೆ’ ಎನ್ನಿ.

ಶಿರಸಿಯಿಂದ:
ರಾಯರೇ, ‘ಪಡೆ’ ಸರಿ. ಆದರೆ ಕಾರಣ ನಿಮ್ಮದಲ್ಲ. ಫ್ರೆಂಚರು ಪೂರ್ತಿ ಹೊರಡುವ ಮೊದಲೇ ಮಾಲಿಗೆ ರಷ್ಯಾದ ವ್ಯಾಗ್ನರ್ ಬಂದಿತ್ತು. ಅದು ಸೇನೆ ಅಲ್ಲ, ಬಾಡಿಗೆಗೆ ಹೊಡೆದಾಡುವ ಕೂಲಿಪಡೆ. ವಿಶ್ವಸಂಸ್ಥೆಯವರೂ 2013ರಿಂದ 2023ರವರೆಗೆ ಅಲ್ಲೇ ಇದ್ದರು. ಅವರನ್ನು ಒಂದು ದೇಶದ ಸೇನೆ ಅನ್ನಲಾಗದು. ಮೂವರನ್ನೂ ಹಿಡಿಸುವ ಪದ ಪಡೆ ಒಂದೇ.

ಧಾರವಾಡದಿಂದ:
ಎಲ್ಲರಿಗೂ ಧನ್ಯವಾದ. ಅಚ್ಚಿನವರಿಗೆ ಫೋನ್ ಮಾಡಿ ‘ಸೇನೆ’ ತೆಗೆಸಿ ‘ಪಡೆ’ ಹಾಕಿಸಿದೆ. ಈಗಿನ ಸಾಲು: ‘ಹೊರಗಿನ ಪಡೆ ಬಂದು ನಿಂತರೆ ಭಯೋತ್ಪಾದನೆ ತಗ್ಗುತ್ತದೆಯೇ?’ ‘ಹೆಚ್ಚುತ್ತದೆಯೇ’ಗೆ ಜಾಗ ಸಾಲಲಿಲ್ಲ. ಅದನ್ನು ವಿರೋಧಿ ತಂಡದ ಹುಡುಗರು ಹೇಳುತ್ತಾರೆ.

ಮೈಸೂರಿನಿಂದ:
‘ಭಯೋತ್ಪಾದನೆ’ ಹಾಗೇ ಉಳಿಯಿತಲ್ಲ?