ಡ್ಯೂಕ್–ಕೆಂಟಕಿ 1992: ಆ ಕೊನೆಯ 2.1 ಸೆಕೆಂಡಿನ ಪಾಸನ್ನು ನಮ್ಮ ಕೋರ್ಟಲ್ಲಿ ಹಾಕೋದು ಹೇಗೆ?

ಹಾಸನ_ಪಾಯಿಂಟ್‌ಗಾರ್ಡ್:
ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಮ್ಯಾಚ್ ಯಾವುದು ಅಂದ್ರೆ ನನ್ನ ಓಟು ಇದಕ್ಕೇ. 1992ರ ಮಾರ್ಚ್ 28, ಫಿಲಡೆಲ್ಫಿಯಾದ ಸ್ಪೆಕ್ಟ್ರಮ್, ಓವರ್‌ಟೈಮ್‌ನಲ್ಲಿ 104–103. 2.1 ಸೆಕೆಂಡ್ ಉಳಿದಿದ್ದಾಗ ಡ್ಯೂಕ್ ಒಂದು ಪಾಯಿಂಟ್ ಹಿಂದಿತ್ತು. ಈ ಕಡೆ ಎಂಡ್‌ಲೈನಿಂದ (ರಿಂಗಿನ ಹಿಂದಿನ ಗೆರೆ) ಆ ಕಡೆ ಫ್ರೀ ಥ್ರೋ ಲೈನಿಗೆ ಗ್ರಾಂಟ್ ಹಿಲ್ ಪಾಸು, ಅದನ್ನ ಹಿಡಿದು ಲೇಟ್ನರ್ ಶಾಟು, ಡ್ಯೂಕ್ ಗೆದ್ದಿತು. ಅದೇ ಪ್ಲೇಯನ್ನ ಇಲ್ಲಿನ ಡಿಗ್ರಿ ಕಾಲೇಜು ಹುಡುಗರಿಗೆ ಕಲಿಸ್ಬೇಕು. ಬಯಲು ಸಿಮೆಂಟ್ ಕೋರ್ಟು, ಎಸೆಯೋನು ಬಲಗೈಯವ. ಚೆಂಡು ಎಡಕ್ಕೆ ವಾಲಿ ಹೊರಗೆ ಹೋಗ್ತಿದೆ. ತಪ್ಪೆಲ್ಲಿ?

ಮಲ್ನಾಡ್_ಪಿವಟ್:
ಎಲ್ರೂ ಶಾಟ್ ನೆನಪಿಟ್ಕೊಂಡಿದಾರೆ, ಕಷ್ಟ ಇದ್ದಿದ್ದು ಪಾಸಲ್ಲಿ. ಅದೇ ಸೀಸನ್‌ನಲ್ಲಿ ವೇಕ್ ಫಾರೆಸ್ಟ್ ಮೇಲೆ ಇದೇ ಪ್ಲೇ ಹಾಕಿದಾಗ ಹಿಲ್ ಎಸೆದ ಚೆಂಡೂ ವಾಲಿತ್ತು, ಹಿಡಿಯೋಕೆ ಹೋದ ಲೇಟ್ನರ್ ಲೈನ್ ತುಳಿದ. ನಿಮ್ಮ ಹುಡುಗನದ್ದೂ ಅದೇ ಕಾಯಿಲೆ. ಬಿಡೋ ಹೊತ್ತಿಗೆ ಕೈ ಚೆಂಡಿನ ಪಕ್ಕಕ್ಕೆ ಜಾರ್ತಿದೆ, ಸೈಡ್‌ಸ್ಪಿನ್ ಬೀಳ್ತಿದೆ, ಅಂದ್ರೆ ಚೆಂಡು ಪಕ್ಕಕ್ಕೆ ತಿರುಗ್ತಿದೆ. ಬೆರಳುಗಳು ಚೆಂಡಿನ ಹಿಂದೆ ಇರ್ಲಿ, ಕೈ ಕಿವಿ ಪಕ್ಕದಿಂದ ನೇರ ಮೇಲೆ ಬರ್ಲಿ, ಚೆಂಡು ಹಿಂದಕ್ಕೆ ತಿರುಗ್ತಾ ಹೋಗ್ಬೇಕು. ಚೆಂಡಿಗೆ ಸುತ್ತ ಒಂದು ಬಣ್ಣದ ಟೇಪ್ ಅಂಟಿಸಿ. ಟೇಪ್ ಅಲುಗಾಡದೆ ಒಂದೇ ಗೆರೆಯಾಗಿ ಕಂಡ್ರೆ ಸ್ಪಿನ್ ಸರಿ ಇದೆ.

28 ಮೀಟರ್ ಕೋರ್ಟಲ್ಲಿ ಎಂಡ್‌ಲೈನಿಂದ ಆ ಕಡೆ ಫ್ರೀ ಥ್ರೋ ಲೈನಿಗೆ 22.2 ಮೀಟರ್. ಮೊದಲ ದಿನವೇ ಅಷ್ಟು ದೂರ ಎಸೆಸ್ಬೇಡಿ, ಭುಜ ಹಿಡ್ಕೊಳ್ಳುತ್ತೆ. 14 ಮೀಟರಿಂದ ಶುರು ಮಾಡಿ, ಹತ್ತರಲ್ಲಿ ಎಂಟು ಹಿಡಿಯೋ ಹಾಗೆ ಬಂದ್ಮೇಲೆ ಎರಡೆರಡು ಮೀಟರ್ ಹಿಂದೆ ಸರಿಸಿ.

ಹಿಡಿಯೋನು ಮೊದಲೇ ಫ್ರೀ ಥ್ರೋ ಲೈನಲ್ಲಿ ನಿಂತಿರ್ಬಾರ್ದು. ಬೋರ್ಡ್ ಕಡೆಯಿಂದ ಓಡಿ ಬಂದು, ನೆಗೆದು ಹಿಡಿದು, ಎರಡೂ ಕಾಲಲ್ಲಿ ಒಟ್ಟಿಗೆ ಇಳೀಬೇಕು. ಆಗ ಯಾವ ಕಾಲನ್ನಾದ್ರೂ ಪಿವಟ್ (ನೆಲದಲ್ಲೇ ಊರಿಟ್ಟು ತಿರುಗೋ ಕಾಲು) ಮಾಡ್ಬೋದು. ಚೆಂಡು ಗಾಳಿಯಲ್ಲಿರೋವಾಗ ಗಡಿಯಾರ ಓಡಲ್ಲ, ಒಳಗಿರೋ ಆಟಗಾರ ಮುಟ್ಟಿದ್ಮೇಲೇ ಶುರು. ಅದಕ್ಕೇ ಲೇಟ್ನರ್‌ಗೆ ಬಲಕ್ಕೊಂದು ಫೇಕ್, ಒಂದು ಡ್ರಿಬಲ್, ತಿರುಗಿ ಶಾಟ್, ಇಷ್ಟಕ್ಕೂ ಟೈಮ್ ಸಿಕ್ಕಿದ್ದು. ನಿಮ್ಮೋರು ಹಿಡಿದ ತಕ್ಷಣ ಗಾಬರಿಯಲ್ಲಿ ಎಸೀತಾರೆ, ನೋಡ್ತಿರಿ.

ಟೇಬಲ್_ಅಫಿಶಿಯಲ್_ಚಿಕ್ಕಮಗಳೂರು:
ಒಂದ್ನಿಮಿಷ ಸಾರ್. ನಮ್ಮಲ್ಲಿ ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಫೆಡರೇಶನ್) ರೂಲ್ಸು, ಟೈಮ್‌ಔಟ್ ಕೈಯಲ್ಲಿದ್ರೆ ಈ ಪಾಸೇ ಬೇಕಾಗಿಲ್ಲ. ನಾಲ್ಕನೇ ಕ್ವಾರ್ಟರಿನ ಅಥವಾ ಓವರ್‌ಟೈಮಿನ ಕೊನೆ 2 ನಿಮಿಷದಲ್ಲಿ ಎದುರಾಳಿ ಬ್ಯಾಸ್ಕೆಟ್ ಹಾಕಿದ ಕೂಡ್ಲೆ ಟೈಮ್‌ಔಟ್ ತಗೊಂಡ್ರೆ, ಚೆಂಡನ್ನ ಮುಂದಿನ ಅರ್ಧಕ್ಕೆ (ನಾವು ಬ್ಯಾಸ್ಕೆಟ್ ಹಾಕೋ ಕಡೆಗೆ) ಒಯ್ದು ಥ್ರೋ-ಇನ್ ಲೈನಿಂದ (ಹೊರಗಿಂದ ಚೆಂಡು ಒಳಗೆ ಹಾಕೋ ಗೆರೆ) ಹಾಕ್ತೀವಿ ಅಂತ ಕೋಚ್ ಹೇಳ್ಬೋದು. ಅಲ್ಲಿಂದ ರಿಂಗಿಗೆ ಸುಮಾರು 10 ಮೀಟರ್ ಅಷ್ಟೇ. ಎಷ್ಟೋ ಬಯಲು ಕೋರ್ಟಲ್ಲಿ ಆ ಗೆರೇನೇ ಇರಲ್ಲ. ಸ್ಕೋರರ್ ಟೇಬಲ್ಲಿನ ಎದುರು ಸೈಡ್‌ಲೈನಿನ ಹೊರಗೆ, ಎಂಡ್‌ಲೈನಿಂದ 8.325 ಮೀಟರಿಗೆ ಟೇಪ್ ಹಿಡಿದು ಹಾಕಿಸ್ಕೊಳ್ಳಿ.

ಟೈಮ್‌ಔಟನ್ನ ಕೋಚ್ ಇಲ್ಲಾ ಅಸಿಸ್ಟೆಂಟ್ ಕೋಚ್ ಟೇಬಲ್‌ಗೇ ಕೇಳ್ಬೇಕು. ಆಟಗಾರ ಒಳಗಿಂದ ಎಷ್ಟು ಕೈ ತೋರಿಸಿದ್ರೂ ಸಿಗಲ್ಲ. ಓವರ್‌ಟೈಮಿಗೆ ಇರೋದೇ ಒಂದು, ಹಿಂದಿನದ್ದು ಉಳಿದಿದ್ರೂ ಸೇರಲ್ಲ. ಅದನ್ನೂ ಮೊದಲೇ ಖರ್ಚು ಮಾಡಿದ್ರೆ ಆಗ ಹಿಲ್ ಪಾಸೇ ಗತಿ.

ಹಾಸನ_ಪಾಯಿಂಟ್‌ಗಾರ್ಡ್:
ಟೈಮ್‌ಔಟ್ ಇಲ್ಲ ಅಂತ್ಲೇ ಇಟ್ಕೊಳ್ಳಿ. ಎಸೆಯೋನ ಮುಂದೆ ಡಿಫೆಂಡರ್ ನಿಂತ್ರೆ? ಪಾಸ್ ಯಾರನ್ನೂ ಮುಟ್ಟದೆ ಹೊರಗೆ ಹೋದ್ರೆ?

ಟೇಬಲ್_ಅಫಿಶಿಯಲ್_ಚಿಕ್ಕಮಗಳೂರು:
ಹೊರಗೆ ಹೋದ್ರೆ ಚೆಂಡು ಎದುರಾಳಿಗೆ, ಅದೂ ನೀವು ಎಸೆದ ಜಾಗದಿಂದ್ಲೇ. ಅಂದ್ರೆ ನೀವು ಕಾಯೋ ರಿಂಗಿನ ಕೆಳಗೇ.

ಡಿಫೆಂಡರ್ ನಿಂತ್ರೆ ಹೆದರ್ಬೇಡಿ. ಬ್ಯಾಸ್ಕೆಟ್ ಆದ್ಮೇಲಿನ ಥ್ರೋ-ಇನ್ ಆದ್ರಿಂದ ಎಂಡ್‌ಲೈನ್ ಹಿಂದೆ ಉದ್ದಕ್ಕೂ ಓಡ್ಬೋದು, 5 ಸೆಕೆಂಡ್ ಟೈಮ್ ಇದೆ. ಬೋರ್ಡಿನ ಹಿಂದಿಂದ ಮಾತ್ರ ಎಸೀಬೇಡಿ, ತಗಲುತ್ತೆ.

ಮಲ್ನಾಡ್_ಪಿವಟ್:
ಕೆಂಟಕಿ ಸೋತಿದ್ದೇ ಅಲ್ಲಿ ಅನ್ನೋದು ನನ್ನ ಲೆಕ್ಕ. ಅವರ ಕೋಚ್ ಪಿಟಿನೊ ಹಿಲ್ ಮುಂದೆ ಯಾರನ್ನೂ ನಿಲ್ಲಿಸ್ಲಿಲ್ಲ, ಲೇಟ್ನರ್ ಹಿಂದೆ ಫೆಲ್ಡ್‌ಹೌಸ್, ಪೆಲ್ಫ್ರಿ ಇಬ್ರನ್ನ ಬಿಟ್ಟ. ಆ ಇಬ್ರಿಗೂ ಕೈ ಹಾಕೋ ಹಾಗಿರ್ಲಿಲ್ಲ: ಒಂದೇ ಪಾಯಿಂಟ್ ಲೀಡು, ಲೇಟ್ನರ್ ಆವತ್ತು ಫ್ರೀ ಥ್ರೋ ಹತ್ತಕ್ಕೆ ಹತ್ತು. ಫೌಲ್ ಮಾಡಿದ್ರೂ ಸೋಲೇ. ನೀವು ಡಿಫೆನ್ಸಲ್ಲಿದ್ರೆ ನಿಮ್ಮ ಅತಿ ಎತ್ತರದ ಹುಡುಗನ್ನ ಎಸೆಯೋನ ಮುಂದೆ ಕೈ ಎತ್ತಿ ನಿಲ್ಲಿಸಿ.

ಮತ್ತೆ ಎಂಡ್‌ಲೈನ್ ಹಿಂದೆ ಕಾಂಪೌಂಡು ಹತ್ರ ಇದ್ಯಾ ನೋಡ್ಕೊಳ್ಳಿ. ಇಷ್ಟುದ್ದ ಎಸೆಯೋಕೆ ಎರಡು ಹೆಜ್ಜೆ ಓಟ ಬೇಕು. ಹಿಂದೆ 2 ಮೀಟರಿಗಿಂತ ಕಮ್ಮಿ ಜಾಗ ಇದ್ರೆ ಡಿಫೆಂಡರ್ 1 ಮೀಟರ್ ದೂರ ನಿಲ್ಬೇಕು ಅಂತ ರೂಲಿದೆ, ಮ್ಯಾಚಿಗೆ ಮುಂಚೇನೇ ರೆಫ್ರಿಗೆ ಹೇಳಿಡಿ.